ಉಪ್ಪು ತಿಂದ ಬ್ರೇಕು: ಕಾರಿನ ಡಿಸ್ಕ್ ತುಕ್ಕು ಹಿಡಿದ ಚರಿತ್ರೆ

ಈ ವಾರದ ಕಂತು ಬ್ರೇಕ್ ಡಿಸ್ಕ್ ಬಗ್ಗೆ. ನಿಮ್ಮ ಬೈಕಿನ ಮುಂದಿನ ಚಕ್ರದಲ್ಲಿ ತೂತು ತೂತಾಗಿ ಹೊಳೀತಾ ಇರುತ್ತಲ್ಲ, ಅದೇ ಜಾತಿ. ಆದರೆ ಬೈಕಿನದ್ದು ಸಾಮಾನ್ಯವಾಗಿ ಸ್ಟೇನ್‌ಲೆಸ್ ಸ್ಟೀಲ್, ಅಷ್ಟು ಸುಲಭಕ್ಕೆ ತುಕ್ಕು ಹಿಡಿಯಲ್ಲ. ಕಾರಿನದ್ದು ಬೀಡು ಕಬ್ಬಿಣ. ಮಳೆಯಲ್ಲಿ ಒಂದು ರಾತ್ರಿ ನಿಲ್ಲಿಸಿ ಬೆಳಿಗ್ಗೆ ನೋಡಿ, ಕೇಸರಿ ಬಣ್ಣದ ಪುಡಿ ಕೂತಿರುತ್ತೆ. ನಮ್ಮ ಗ್ಯಾರೇಜುಗಳಲ್ಲಿ ಅದನ್ನ ಡಿಸ್ಕ್ ಅಂತಾರೆ, ಅಮೆರಿಕದಲ್ಲಿ ರೋಟರ್.

ಮಿಶಿಗನ್, ಟೊರೊಂಟೊ ಕಡೆ ಇರೋ ನಮ್ಮ ಕೇಳುಗರಿಗೆ ಈ ವಿಷಯ ಹೊಸದಲ್ಲ. ಅಲ್ಲಿ ಗ್ಯಾರೇಜಿನ ಕೂಲಿ ದುಬಾರಿ, ಹಾಗಾಗಿ ಮನೆ ಮುಂದೆಯೇ ಚಕ್ರ ಬಿಚ್ಚಿ ಡಿಸ್ಕ್ ಬದಲಿಸೋರು ತುಂಬಾ ಜನ. ಬೋಲ್ಟು ಎಲ್ಲಾ ಬಿಚ್ಚಿದ್ದಾಗಿದೆ, ಹಿಡಿದಿಟ್ಟಿರೋದು ಏನೂ ಉಳಿದಿಲ್ಲ, ಆದರೂ ಡಿಸ್ಕ್ ಅಲ್ಲಾಡಲ್ಲ. ವೆಲ್ಡ್ ಮಾಡಿದ ಹಾಗೆ ಕೂತಿರುತ್ತೆ. ಯಾಕೆ ಹೀಗೆ ಅಂತ ಕೇಳಿದರೆ ಉತ್ತರಕ್ಕೆ ನೂರು ವರ್ಷಕ್ಕೂ ಹಿಂದೆ ಹೋಗಬೇಕು.

1902ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಫ್ರೆಡರಿಕ್ ಲ್ಯಾಂಚೆಸ್ಟರ್ ಅನ್ನೋ ಎಂಜಿನಿಯರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ತಗೊಂಡರು. ತಿರುಗೋ ತಟ್ಟೆಯನ್ನ ಎರಡೂ ಕಡೆಯಿಂದ ಚಿಮಟದ ಹಾಗೆ ಹಿಡಿಯೋದು, ಇಷ್ಟೇ ಐಡಿಯಾ. ಆದರೆ ಲೋಹಕ್ಕೆ ಲೋಹ ಉಜ್ಜಿ ಕಿವಿ ಕಿತ್ತು ಹೋಗೋ ಸದ್ದು. ಆಗಿನ ಮಣ್ಣು ರಸ್ತೆಯ ಧೂಳಿಗೆ ಪ್ಯಾಡ್ ಬೇರೆ ಬೇಗ ಸವೆದು ಹೋಗ್ತಿತ್ತು. ಅದೇ ಹೊತ್ತಿಗೆ ಫ್ರಾನ್ಸಿನ ಲೂಯಿ ರೆನೋ ಡ್ರಮ್ ಬ್ರೇಕನ್ನ ರೂಪಿಸಿದ್ದರು. ಮುಚ್ಚಿದ ಡಬ್ಬಿ, ಒಳಗೆ ಅಗಲವಾಗಿ ತೆರೆದುಕೊಳ್ಳೋ ಶೂ. ಧೂಳು ಒಳಗೆ ಹೋಗೋದು ಕಡಿಮೆ. ಮುಂದಿನ ಅರ್ಧ ಶತಮಾನ ಡ್ರಮ್‌ನದ್ದೇ ರಾಜ್ಯಭಾರ.

ಡ್ರಮ್‌ಗೆ ಒಂದು ದೊಡ್ಡ ಕಾಯಿಲೆ ಇತ್ತು. ಬಿಸಿಯಾದಾಗ ಡಬ್ಬಿ ಹಿಗ್ಗಿ ಶೂನಿಂದ ದೂರ ಸರಿಯುತ್ತೆ. ಘಾಟಿ ಇಳಿಯುವಾಗ ಪೆಡಲ್ ಒತ್ತಿದಷ್ಟೂ ಕೆಳಗೆ ಹೋಗುತ್ತೆ, ಗಾಡಿ ನಿಲ್ಲಲ್ಲ. ಡಿಸ್ಕ್ ಬಿಸಿಯಾದರೆ ಹಿಗ್ಗೋದು ಪ್ಯಾಡ್ ಕಡೆಗೆ, ಜೊತೆಗೆ ಗಾಳಿಗೆ ತೆರೆದಿರೋದರಿಂದ ಬೇಗ ತಣಿಯುತ್ತೆ. 1953ರ ಲ ಮಾನ್ 24 ಗಂಟೆ ರೇಸಿನಲ್ಲಿ ಡನ್‌ಲಪ್ ಡಿಸ್ಕ್ ಬ್ರೇಕ್ ಹಾಕಿದ್ದ ಜಾಗ್ವಾರ್ ಸಿ-ಟೈಪ್ ಗೆದ್ದಿತು. ಸರಾಸರಿ ವೇಗ ಗಂಟೆಗೆ 100 ಮೈಲಿ ದಾಟಿದ್ದು ಆ ರೇಸಿನಲ್ಲಿ ಅದೇ ಮೊದಲು. 1955ರಲ್ಲಿ ಸಿಟ್ರೊಯೆನ್ ಡಿಎಸ್ ಕಾರು ಮುಂದಿನ ಚಕ್ರಗಳಿಗೆ ಡಿಸ್ಕ್ ಇಟ್ಟುಕೊಂಡೇ ಪ್ಯಾರಿಸ್ ಪ್ರದರ್ಶನಕ್ಕೆ ಬಂತು. ಚರಿತ್ರೆ ಪುಸ್ತಕಗಳು ಸಾಮಾನ್ಯವಾಗಿ ಈ ಗೆಲುವಿನ ಕಥೆಯನ್ನಷ್ಟೇ ಹೇಳ್ತವೆ.

ನನಗೆ ಅದಕ್ಕಿಂತ ಇಷ್ಟವಾಗೋದು ಸೋತವರ ಕಥೆ. ಜಾಗ್ವಾರ್ ಗೆಲ್ಲೋಕೆ ನಾಲ್ಕು ವರ್ಷ ಮೊದಲು, 1949ರಲ್ಲಿ, ಅಮೆರಿಕದಲ್ಲಿ ಕ್ರಾಸ್ಲಿ ಅನ್ನೋ ಕಂಪನಿ ಡಿಸ್ಕ್ ಬ್ರೇಕ್ ಇರೋ ಪುಟ್ಟ ಕಾರುಗಳನ್ನ ಮಾರಾಟಕ್ಕೆ ತಂದಿತ್ತು. ಪವೆಲ್ ಕ್ರಾಸ್ಲಿ ರೇಡಿಯೋ, ಫ್ರಿಜ್ ಮಾಡಿ ಹಣ ಮಾಡಿದ ಮನುಷ್ಯ. ಜನಸಾಮಾನ್ಯರಿಗೆ ಅಗ್ಗದ ಕಾರು ಕೊಡಬೇಕು ಅನ್ನೋ ಹಠ. ವಿಮಾನಗಳಿಗಾಗಿ ರೂಪಿಸಿದ್ದ ಬ್ರೇಕನ್ನೇ ತಂದು ಕಾರಿಗೆ ಹಾಕಿದರು. ಕಾಗದದ ಮೇಲೆ ಅದ್ಭುತ. ಚಳಿಗಾಲ ಬಂತು ನೋಡಿ, ರಸ್ತೆ ಉಪ್ಪು ಒಳಗೆ ಸೇರಿ ಬ್ರೇಕು ತುಕ್ಕು ಹಿಡಿದು ಸಿಕ್ಕಿಹಾಕಿಕೊಳ್ಳೋಕೆ ಶುರುವಾಯಿತು. ವಿಮಾನ ರನ್‌ವೇಯಿಂದ ಮೇಲೆದ್ದು ಹೋಗುತ್ತೆ, ಅದಕ್ಕೆ ದಿನವಿಡೀ ಉಪ್ಪು ಕೆಸರಲ್ಲಿ ಓಡಾಡೋ ಕರ್ಮ ಇಲ್ಲ. ಕಾರಿಗಿದೆ. ಕ್ರಾಸ್ಲಿ ಸುಮ್ಮನೆ ಡ್ರಮ್ ಬ್ರೇಕಿಗೆ ವಾಪಸಾಯಿತು, 1952ರಲ್ಲಿ ಕಾರು ತಯಾರಿಕೆಯನ್ನೇ ನಿಲ್ಲಿಸಿತು. ಕಂಪನಿ ಮುಳುಗೋಕೆ ಬೇರೆ ಕಾರಣಗಳೂ ಇದ್ದವು, ಆದರೆ ಅವರ ಡಿಸ್ಕ್ ಬ್ರೇಕನ್ನ ಸೋಲಿಸಿದ್ದು ಉಪ್ಪೇ.

ಈ ಉಪ್ಪು ರಸ್ತೆಗೆ ಬಂದಿದ್ದೂ ಆಗ ತೀರಾ ಇತ್ತೀಚಿನ ವಿಷಯ. ಅದಕ್ಕೆ ಮುಂಚೆ ಹಿಮದ ಮೇಲೆ ಮರಳು, ಬೂದಿ ಚೆಲ್ಲಿ ಟೈರಿಗೆ ಹಿಡಿತ ಸಿಗೋ ಹಾಗೆ ಮಾಡ್ತಿದ್ದರು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯ 1938ರಲ್ಲಿ ಉಪ್ಪನ್ನ ಪ್ರಯೋಗ ಮಾಡಿತು, 1941ರ ಚಳಿಗಾಲದ ಹೊತ್ತಿಗೆ ಅದನ್ನೇ ಪದ್ಧತಿ ಮಾಡಿಕೊಂಡಿತು. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗೂ ಕೆಳಗೆ ಇಳಿದ ಮೇಲಷ್ಟೇ ಹೆಪ್ಪುಗಟ್ಟುತ್ತೆ, ಹಾಗಾಗಿ ಹಿಮ ಕರಗುತ್ತೆ. ಯುದ್ಧ ಮುಗಿದು ಹೆದ್ದಾರಿಗಳು ಹೆಚ್ಚಾದ ಮೇಲೆ ಬೇಡಿಕೆ ಏರುತ್ತಲೇ ಹೋಯಿತು. ಕಾರುಗಳ ರಾಜಧಾನಿ ಡೆಟ್ರಾಯಿಟ್ ಊರಿನ ಕೆಳಗೇ, ಸುಮಾರು 350 ಮೀಟರ್ ಆಳದಲ್ಲಿ, ದೊಡ್ಡ ಉಪ್ಪಿನ ಗಣಿ ಇದೆ. ಮೇಲೆ ಕಾರು ಮಾಡ್ತಾರೆ, ಅದನ್ನ ತಿನ್ನೋ ಉಪ್ಪನ್ನ ಕೆಳಗಿನಿಂದ ತೆಗೀತಾರೆ! ಮಂಗಳೂರು, ಕಾರವಾರದ ಕಡಲ ಗಾಳಿಯಲ್ಲಿ ಗೇಟು, ಕಿಟಕಿ ಸರಳು ಏನಾಗುತ್ತೆ ಅಂತ ನೋಡಿದವರಿಗೆ ಉಪ್ಪಿನ ಗುಣ ವಿವರಿಸಬೇಕಿಲ್ಲ. ಉಪ್ಪು ನೀರಿನಲ್ಲಿ ವಿದ್ಯುತ್ ಸರಾಗವಾಗಿ ಹರಿಯುತ್ತೆ, ತುಕ್ಕು ಅನ್ನೋದು ಮೂಲದಲ್ಲಿ ಒಂದು ವಿದ್ಯುತ್ ರಾಸಾಯನಿಕ ಕ್ರಿಯೆ.

ಹಾಗಿದ್ದರೆ ಕಾರಿಗೂ ಸ್ಟೇನ್‌ಲೆಸ್ ಹಾಕಬಹುದಲ್ವಾ? ಇಲ್ಲಿ ಎಂಜಿನಿಯರುಗಳು ಗೊತ್ತಿದ್ದೂ ಒಂದು ರಾಜಿ ಮಾಡಿಕೊಂಡಿದ್ದಾರೆ. ಬೀಡು ಕಬ್ಬಿಣದೊಳಗೆ ಗ್ರಾಫೈಟಿನ ಸಣ್ಣ ಸಣ್ಣ ಪದರುಗಳಿರುತ್ತವೆ. ಅವು ಶಾಖವನ್ನ ಬೇಗ ಹರಡುತ್ತವೆ, ಕಂಪನವನ್ನ ನುಂಗುತ್ತವೆ. ಲ್ಯಾಂಚೆಸ್ಟರರ ಕಿವಿ ಕೀಳೋ ಸದ್ದು ನೆನಪಿದೆಯಲ್ಲ, ಅದನ್ನ ತಗ್ಗಿಸೋದರಲ್ಲಿ ಈ ಗುಣದ ಪಾಲೂ ಇದೆ. ಬೆಲೆಯೂ ಕಡಿಮೆ, ಕಡೆಯೋದೂ ಸುಲಭ. ಪ್ಯಾಡ್ ಉಜ್ಜೋ ಜಾಗದಲ್ಲಿ ತುಕ್ಕು ದಿನಾ ಒರೆಸಿ ಹೋಗುತ್ತೆ, ಉಳಿದ ಕಡೆ ಹಿಡಿದರೆ ಹಿಡೀಲಿ ಅಂತ ಬಿಟ್ಟರು. ಆ ರಾಜಿಯ ಬಿಲ್ಲು ಬರೋದು ಹತ್ತು ವರ್ಷದ ನಂತರ, ಎರಡನೇ ಮಾಲೀಕನ ಹೆಸರಿಗೆ.

ಇನ್ನೊಂದು ತಿರುವು ಇದೆ. 1970ರ ದಶಕದ ಅಮೆರಿಕನ್ ಕಾರುಗಳಲ್ಲಿ ಹಿಂದಿನ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗ್ತಿತ್ತು. ಅವುಗಳ ಮುಂದಿನ ಡಿಸ್ಕೂ ಹಬ್ಬೂ ಹೆಚ್ಚಾಗಿ ಒಂದೇ ತುಂಡು, ಬೇರಿಂಗ್ ನಟ್ಟು ಬಿಚ್ಚಿದರೆ ಪೂರ್ತಿ ಹೊರಗೆ ಬರ್ತಿತ್ತು. 1980ರ ದಶಕದಲ್ಲಿ ಮುಂದಿನ ಚಕ್ರಕ್ಕೆ ಶಕ್ತಿ ಕೊಡೋ ಕಾರುಗಳು ಹೆಚ್ಚಾದವು. ಆಗ ಡಿಸ್ಕನ್ನ ಬೇರೆಯೇ ಮಾಡಿ, ಟೋಪಿ ತೊಡಿಸಿದ ಹಾಗೆ ಹಬ್ ಮೇಲೆ ಕೂರಿಸೋದು ರೂಢಿಯಾಯಿತು. ಆ ಟೋಪಿಗೂ ಹಬ್ಬಿಗೂ ನಡುವಿನ ಸಂದಿ ಕೂದಲೆಳೆಯಷ್ಟು. ಉಪ್ಪು ನೀರು ಅಲ್ಲಿಗೆ ಇಳಿಯುತ್ತೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ದುಪ್ಪಟ್ಟಿಗೂ ಹೆಚ್ಚು ಜಾಗ ಕೇಳುತ್ತೆ. ಸಂದಿ ತುಂಬಿ, ಬೆಣೆ ಹೊಡೆದ ಹಾಗೆ ಎರಡೂ ಬಿಗಿದುಕೊಳ್ಳುತ್ತವೆ. ವೆಲ್ಡ್ ಮಾಡಿದ ಹಾಗೆ ಅಂತ ಆಗಲೇ ಹೇಳಿದ್ದು ಇದನ್ನೇ.

ಮಿಶಿಗನ್‌ನಲ್ಲಿ ನಾನಿದ್ದ ದಿನಗಳಲ್ಲಿ ಒಂದು ಹಳೇ ಜಪಾನಿ ಕಾರಿನ ಮೇಲೆ ಈ ಕುಸ್ತಿ ಮಾಡಿದ್ದೇನೆ. ರೂಮ್‌ಮೇಟ್ ತೀರ್ಥಹಳ್ಳಿಯವನು, ಟಾರ್ಚ್ ಹಿಡಿದು ನಿಂತಿದ್ದ. ಅರ್ಧ ಗಂಟೆ ಆದಮೇಲೆ "ಇದು ಬರೂದಿಲ್ಲ ಮಾರಾಯಾ, ಗ್ಯಾರೇಜಿಗೆ ಕೊಡು" ಅಂದ. ಬಂತು. ಹೇಗೆ ಅಂತ ಹೇಳ್ತೀನಿ.

ಮೊದಲು ಗಾಡಿಯನ್ನ ಸಮತಟ್ಟು ಜಾಗದಲ್ಲಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಬೇಕು. ಬರೀ ಜಾಕ್ ನಂಬಿ ಬಡಿಯೋಕೆ ಶುರು ಮಾಡಿದರೆ ಜೀವಕ್ಕೇ ಸಂಚಕಾರ. ಕ್ಯಾಲಿಪರ್ ಬಿಚ್ಚಿದ ಮೇಲೆ ಅದನ್ನ ತಂತಿಯಿಂದ ಮೇಲೆ ಕಟ್ಟಬೇಕು, ರಬ್ಬರ್ ಪೈಪಿನ ಮೇಲೆ ಜೋತು ಬಿಡಬಾರದು. ಅದರ ಬ್ರಾಕೆಟ್ ಕೂಡ ತೆಗೀಬೇಕು. ಹಿಂದಿನ ಚಕ್ರ ಆದರೆ ಹ್ಯಾಂಡ್‌ಬ್ರೇಕ್ ಇಳಿಸಿರಬೇಕು, ಕೆಲವು ಡಿಸ್ಕಿನ ಹೊಟ್ಟೆಯೊಳಗೇ ಪುಟ್ಟ ಡ್ರಮ್ ಇರುತ್ತೆ.

ಆಮೇಲೆ ಸಣ್ಣ ಸ್ಕ್ರೂ. ಕಾರ್ಖಾನೆಯಲ್ಲಿ ಜೋಡಿಸುವಾಗ ಡಿಸ್ಕ್ ಬೀಳದೇ ಇರಲಿ ಅಂತ ಹಾಕಿರೋದು. ಪ್ಲಸ್ ಆಕಾರದ ತಲೆ. ಈ ತಲೆ ಕಾರುಗಳಿಗೆ ಬಂದಿದ್ದು 1936ರ ಕ್ಯಾಡಿಲಾಕ್‌ನಿಂದ, ಹೆನ್ರಿ ಫಿಲಿಪ್ಸ್ ಹೆಸರಲ್ಲಿ. ಬಿಗಿ ಹೆಚ್ಚಾದರೆ ಸ್ಕ್ರೂಡ್ರೈವರ್ ಜಾರಿ ಹೊರಗೆ ಬರುತ್ತೆ, ತಲೆ ಸವೆದು ಗುಂಡಗಾಗುತ್ತೆ. ಅದಕ್ಕೇ ಸುತ್ತಿಗೆಯಿಂದ ಹೊಡೆದರೆ ತಿರುಗೋ ಇಂಪ್ಯಾಕ್ಟ್ ಡ್ರೈವರ್ ಬೇಕು. ಒತ್ತೋದೂ ತಿರುಗಿಸೋದೂ ಒಂದೇ ಏಟಿಗೆ ಆಗುತ್ತೆ.

ಎಣ್ಣೆ ವಿಷಯ. ಎಲ್ಲರ ಮನೆಯಲ್ಲೂ ಇರೋ ಡಬ್ಲ್ಯೂಡಿ-40 ಹುಟ್ಟಿದ್ದು 1953ರಲ್ಲಿ, ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ. ಆರಂಭದಲ್ಲಿ ಬಳಸಿದ್ದು ಅಟ್ಲಾಸ್ ಕ್ಷಿಪಣಿಯ ಮೈಗೆ ತುಕ್ಕು ಬರದಿರಲಿ ಅಂತ. ಹೆಸರಿನ ಅರ್ಥವೇ ನೀರು ಸರಿಸುವ 40ನೇ ಸೂತ್ರ. ತುಕ್ಕು ಬರದ ಹಾಗೆ ತಡೆಯೋದು ಅದರ ಕೆಲಸ, ಬಂದು ಕೂತಿರೋದರೊಳಗೆ ನುಸುಳೋಕೆ ಪೆನಿಟ್ರೇಟಿಂಗ್ ಆಯಿಲ್ ಅಂತಲೇ ಬೇರೆ ಸಿಗುತ್ತೆ. ನಡುವಿನ ಹಬ್ ಸುತ್ತ, ಸ್ಟಡ್ ಸುತ್ತ ಬಿಟ್ಟು ರಾತ್ರಿಯಿಡೀ ನೆನೆಸಿದರೆ ಒಳ್ಳೇದು.

ಇನ್ನು ಬಡಿಯೋದು. ಬಿಸಾಕೋ ಡಿಸ್ಕ್ ಆದರೆ ಮಾತ್ರ ಸುತ್ತಿಗೆ. ಟೋಪಿ ಮೇಲೆ, ಸ್ಟಡ್‌ಗಳ ನಡುವೆ, ಚಕ್ರ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಬಡೀಬೇಕು. ಕನ್ನಡಕ ಹಾಕಿರಬೇಕು, ಬೀಡು ಚೂರಾಗಿ ಹಾರುತ್ತೆ. ಆದರೆ ಬಡಿದಷ್ಟೂ ಹಿಂದಿರೋ ಬೇರಿಂಗಿಗೆ ಏಟು. ಜಾಣರ ದಾರಿ ಬೇರೆ. ಎಷ್ಟೋ ಜಪಾನಿ ಕಾರುಗಳ ಡಿಸ್ಕಿನಲ್ಲಿ ಎರಡು ಖಾಲಿ ತೂತು ಇರ್ತವೆ, ಒಳಗೆ ಮರೆ ಇರುತ್ತೆ, ಸಾಮಾನ್ಯವಾಗಿ 8 ಮಿಲಿಮೀಟರ್ ಬೋಲ್ಟಿನದ್ದು. ಅವೆರಡಕ್ಕೂ ಬೋಲ್ಟು ಹಾಕಿ ಸರದಿಯಂತೆ ಅರ್ಧರ್ಧ ಸುತ್ತು ಬಿಗೀತಾ ಹೋದರೆ ಬೋಲ್ಟಿನ ತುದಿ ಹಬ್ಬನ್ನ ಒತ್ತಿ ಡಿಸ್ಕನ್ನ ಹೊರಗೆ ತಳ್ಳುತ್ತೆ. ಪಟ್ ಅಂತ ಸದ್ದು ಬರುತ್ತೆ. ಆ ಸದ್ದಿಗೆ ನನ್ನ ರೂಮ್‌ಮೇಟ್ ಟಾರ್ಚ್ ಕೆಳಗೆ ಹಾಕಿದ್ದ.

ಬೆಂಕಿ ಹಚ್ಚಿ ಕಾಯಿಸೋ ಸಲಹೆಯನ್ನೂ ಕೊಡ್ತಾರೆ. ಬ್ರೇಕ್ ಕ್ಲೀನರ್ ಸಿಂಪಡಿಸಿದ ಜಾಗದಲ್ಲಂತೂ ಬೇಡವೇ ಬೇಡ. ಕ್ಲೋರಿನ್ ಇರೋ ಕ್ಲೀನರ್ ಉರಿಗೆ ಸಿಕ್ಕರೆ ಫಾಸ್ಜೀನ್ ಆಗಬಹುದು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಬಳಸಿದ ವಿಷಾನಿಲ ಅದು.

ಹೊಸ ಡಿಸ್ಕ್ ಕೂರಿಸೋ ಮುಂಚೆ ಹಬ್ಬಿನ ಮುಖವನ್ನ ತಂತಿ ಬ್ರಷ್‌ನಿಂದ ಹೊಳೆಯೋ ತನಕ ಉಜ್ಜಬೇಕು. ಒಂದು ಚಕ್ಕೆ ತುಕ್ಕು ಉಳಿದರೂ ಡಿಸ್ಕ್ ಓರೆಯಾಗಿ ಕೂತು, ಕೆಲವು ಸಾವಿರ ಕಿಲೋಮೀಟರಿಗೆ ಪೆಡಲ್ ನಡುಗೋಕೆ ಶುರು. ಎಲ್ಲಾ ಮುಗಿದ ಮೇಲೆ, ಗಾಡಿ ಅಲ್ಲಾಡಿಸೋ ಮೊದಲು ಪೆಡಲನ್ನ ಗಟ್ಟಿಯಾಗೋವರೆಗೆ ಒತ್ತಬೇಕು. ಮೊದಲ ಒತ್ತಿಗೆ ಅದು ನೆಲಕ್ಕೇ ಹೋಗುತ್ತೆ.

ಈಗ ಎಲೆಕ್ಟ್ರಿಕ್ ಕಾರುಗಳ ಕಾಲ. ಅವು ವೇಗ ಇಳಿಸುವಾಗ ಮೋಟರನ್ನೇ ಜನರೇಟರ್ ಮಾಡಿಕೊಳ್ಳುತ್ತವೆ, ಬ್ರೇಕ್ ಪ್ಯಾಡಿಗೆ ಕೆಲಸ ತುಂಬಾ ಕಡಿಮೆ. ದಿನಾ ಒರೆಸಿ ಹೋಗ್ತಿದ್ದ ತುಕ್ಕು ಈಗ ಅಲ್ಲೇ ಉಳೀತಿದೆ. ಹಾಗಾಗಿ 2020ರಲ್ಲಿ ಬಂದ ಫೋಕ್ಸ್‌ವಾಗನ್ ಐಡಿ.3 ಕಾರಿನ ಹಿಂದಿನ ಚಕ್ರಗಳಿಗೆ ಕಂಪನಿ ಹಾಕಿದ್ದು ಡ್ರಮ್ ಬ್ರೇಕ್. ರೆನೋ ಕಾಲದ ಅದೇ ಮುಚ್ಚಿದ ಡಬ್ಬಿ. ನಿಮ್ಮ ಹತ್ತಿರ ನಾಲ್ಕೂ ಕಡೆ ಡಿಸ್ಕ್ ಇರೋ ಎಲೆಕ್ಟ್ರಿಕ್ ಕಾರಿದ್ದರೆ ವಾರಕ್ಕೊಮ್ಮೆ ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು, ನಾಲ್ಕಾರು ಸಲ ಬ್ರೇಕ್ ಗಟ್ಟಿಯಾಗಿ ಒತ್ತಿ.