ಮದುಮಗನ ಗೆಳೆಯನ ಮಾತು



ಮದುವೆಯ ಔತಣದಲ್ಲಿ ಮದುಮಗನ ಗೆಳೆಯ ಎದ್ದು ನಿಂತು ನಾಲ್ಕು ಮಾತಾಡುವುದನ್ನು ನಾವೆಲ್ಲ ಕೇಳಿದ್ದೇವೆ. 'ಬೆಸ್ಟ್ ಮ್ಯಾನ್' ಎಂದು ನಾವು ಕರೆಯುವ ಈ ಗೆಳೆಯನ ಸ್ಥಾನ ಬಹಳ ಹಳೆಯದು.

ಯೆಹೂದ್ಯರ ಮದುವೆಗಳಲ್ಲಿ ಇಂಥ ಆಪ್ತನನ್ನು 'ಶೊಶ್ಬಿನ್' ಎನ್ನುತ್ತಿದ್ದರು. ಸ್ನಾನಿಕ ಯೊವಾನ್ನರು ತಮ್ಮನ್ನು ಮದುಮಗನ ಗೆಳೆಯನಿಗೇ ಹೋಲಿಸಿಕೊಂಡರು (ಯೊವಾನ್ನ 3:29).

ಮುಂದೆ ಧರ್ಮಸಭೆ ಮದುವೆಯಲ್ಲಿ ಸಾಕ್ಷಿಯನ್ನು ಕಡ್ಡಾಯ ಮಾಡಿತು. ಮಧ್ಯಯುಗದ ಯೂರೋಪಿನಲ್ಲಿ ಗಂಡು ಹೆಣ್ಣು ಗುಟ್ಟಾಗಿ ಒಪ್ಪಿಗೆ ಕೊಟ್ಟುಕೊಂಡರೂ ಮದುವೆ ಸಿಂಧುವಾಗುತ್ತಿತ್ತು. ಕೆಲವರು ಆಮೇಲೆ ಅದನ್ನು ಅಲ್ಲಗಳೆದು ಬೇರೆ ಮದುವೆಯಾದರು. ಕೈಬಿಟ್ಟ ಹೆಣ್ಣಿನ ಪರ ನುಡಿಯಲು ಯಾರೂ ಇರುತ್ತಿರಲಿಲ್ಲ. ಆದ್ದರಿಂದ 1563ರ ನವೆಂಬರ್ 11ರಂದು ಟ್ರೆಂಟ್ ಮಹಾಸಭೆಯು 'ತಾಮೆತ್ಸಿ' ಆಜ್ಞೆಯ ಮೂಲಕ, ಧರ್ಮಕೇಂದ್ರದ ಗುರು ಅಥವಾ ಅನುಮತಿ ಪಡೆದ ಗುರುವಿನ ಜೊತೆಗೆ ಇಬ್ಬರು ಇಲ್ಲವೇ ಮೂವರು ಸಾಕ್ಷಿಗಳೂ ಇರಲೇಬೇಕೆಂದು ವಿಧಿಸಿತು. 1983ರ ಕಾನೂನು ಸಂಹಿತೆಯ 1108ನೇ ವಿಧಿಯೂ ಇಬ್ಬರು ಸಾಕ್ಷಿಗಳನ್ನು ಕೇಳುತ್ತದೆ.

ನಮ್ಮಲ್ಲಿ ಸಾಮಾನ್ಯವಾಗಿ ಈ ಗೆಳೆಯನೇ ದಾಖಲೆ ಪುಸ್ತಕಕ್ಕೆ ಸಹಿ ಹಾಕುವವನು. ಸಾಕ್ಷಿಯಾದವನು ಕಂಡದ್ದನ್ನು ಹೇಳಬೇಕು. ಮದುಮಗನಲ್ಲಿ ಕಂಡ ಒಂದು ಒಳ್ಳೆಯ ಗುಣ, ಅದಕ್ಕೊಂದು ನಿಜ ಘಟನೆ, ಮದುಮಗಳಿಗೂ ಅವಳ ಮನೆಯವರಿಗೂ ಗೌರವದ ಮಾತು, ಕೊನೆಗೆ ಹರಕೆ: ಇಷ್ಟನ್ನು ಮೊದಲೇ ಬರೆದುಕೊಂಡು ಐದು ನಿಮಿಷದಲ್ಲಿ ಮುಗಿಸಿದರೆ ಸಾಕು. ಹಳೆಯ ಗುಟ್ಟು ಬಯಲು ಮಾಡಿ ಸಭೆಯನ್ನು ನಗಿಸುವುದು ಸಾಕ್ಷಿಯ ಕೆಲಸವಲ್ಲ. ಯೊವಾನ್ನರು ತಾವು ಹಿಂದೆ ಸರಿದು ಮದುಮಗನಿಗಾಗಿ ಸಂತೋಷಪಟ್ಟರು.

ಸಹಿ ಹಾಕಿದವನ ಹೊಣೆ ಔತಣದೊಂದಿಗೆ ಮುಗಿಯದು. ಆ ಮನೆಗೆ ಕಷ್ಟ ಬಂದಾಗ, ಪೀಠದ ಮುಂದೆ ಕೊಟ್ಟ ಮಾತನ್ನು ಪ್ರೀತಿಯಿಂದ ನೆನಪಿಸುವವನೂ ಅವನೇ ಆಗಲಿ.