ತರಬೇತಿ ಒಳಉಡುಪು

ತರಬೇತಿ ಒಳಉಡುಪು ಅಥವಾ ಟ್ರೈನಿಂಗ್ ಪ್ಯಾಂಟ್ ಎಂಬುದು ಶೌಚ ತರಬೇತಿಯ ಅವಧಿಯಲ್ಲಿ ಚಿಕ್ಕ ಮಕ್ಕಳಿಗೆ ತೊಡಿಸುವ ಒಂದು ಬಗೆಯ ಚಡ್ಡಿ. ಡೈಪರ್ ಅಥವಾ ಲಂಗೋಟಿಯನ್ನು ಬಿಟ್ಟು ಸಾಮಾನ್ಯ ಚಡ್ಡಿಗೆ ಹೊಂದಿಕೊಳ್ಳುವ ನಡುವಿನ ಹಂತದಲ್ಲಿ ಇದನ್ನು ಬಳಸಲಾಗುತ್ತದೆ. ಮಗುವೇ ಮೇಲೆಳೆದುಕೊಳ್ಳಲು ಮತ್ತು ಕೆಳಗಿಳಿಸಲು ಅನುಕೂಲವಾಗುವಂತೆ ಇದರ ಸೊಂಟದ ಭಾಗಕ್ಕೆ ಎಲಾಸ್ಟಿಕ್ ಇರುತ್ತದೆ. ನಡುಭಾಗದಲ್ಲಿ ಅಲ್ಪ ಪ್ರಮಾಣದ ಮೂತ್ರವನ್ನು ಹೀರಿಕೊಳ್ಳುವ ಪದರಗಳಿರುತ್ತವೆ. ಮೂತ್ರ ಸೋರಿ ನೆಲ ಮತ್ತು ಬಟ್ಟೆ ಹಾಳಾಗುವುದನ್ನು ಕಡಿಮೆ ಮಾಡುವುದು, ಹಾಗೆಯೇ ತಾನು ಒದ್ದೆಯಾಗಿರುವುದು ಮಗುವಿಗೆ ತಿಳಿಯುವಂತೆ ಮಾಡುವುದು ಇದರ ಎರಡು ಉದ್ದೇಶಗಳು. ಈ ಎರಡು ಉದ್ದೇಶಗಳು ಪರಸ್ಪರ ವಿರುದ್ಧ ದಿಕ್ಕಿನವಾದ್ದರಿಂದ, ಯಾವ ಬಗೆಯ ಒಳಉಡುಪನ್ನು ಆರಿಸಬೇಕೆಂಬುದು ತರಬೇತಿಯ ಪ್ರಗತಿಯ ಮೇಲೂ ಪರಿಣಾಮ ಬೀರಬಲ್ಲದು.

ಹೆಸರು ಮತ್ತು ಗೊಂದಲ

ಭಾರತದ ಮಾರುಕಟ್ಟೆಯಲ್ಲಿ ಬಟ್ಟೆಯ ತರಬೇತಿ ಒಳಉಡುಪುಗಳು ‘ಟ್ರೈನಿಂಗ್ ಪ್ಯಾಂಟ್ಸ್’ ಮತ್ತು ‘ಪ್ಯಾಡೆಡ್ ಅಂಡರ್‌ವೇರ್’ ಎಂಬ ಹೆಸರುಗಳಲ್ಲಿ ದೊರೆಯುತ್ತವೆ. ಇವುಗಳ ಜೊತೆಗೆ ‘ಡೈಪರ್ ಪ್ಯಾಂಟ್ಸ್’ ಎಂಬ ಹೆಸರಿನ, ಚಡ್ಡಿಯ ಆಕಾರದ ಡೈಪರ್‌ಗಳೂ ವ್ಯಾಪಕವಾಗಿ ಮಾರಾಟವಾಗುತ್ತವೆ. ಡೈಪರ್ ಪ್ಯಾಂಟ್‌ಗಳು ತೊಡಿಸಲು ಸುಲಭವಾದ ಆಕಾರ ಹೊಂದಿದ್ದರೂ ಹೀರಿಕೊಳ್ಳುವ ಸಾಮರ್ಥ್ಯದಲ್ಲಿ ಪೂರ್ಣ ಪ್ರಮಾಣದ ಡೈಪರ್‌ಗಳೇ ಆಗಿವೆ. ಕೆಲವೇ ತಿಂಗಳ ಶಿಶುಗಳಿಗೆ ಸರಿಹೊಂದುವ ಅಳತೆಗಳಲ್ಲೂ ಅವು ದೊರೆಯುತ್ತವೆ. ಆಕಾರವನ್ನಷ್ಟೇ ನೋಡಿ ಡೈಪರ್ ಪ್ಯಾಂಟನ್ನು ತರಬೇತಿ ಒಳಉಡುಪೆಂದು ಭಾವಿಸಿ ಬಳಸಿದಾಗ, ಮಗುವಿಗೆ ಒದ್ದೆಯ ಅನುಭವವಾಗದೆ ತರಬೇತಿಯ ಉದ್ದೇಶ ಈಡೇರದಿರುವ ಸಾಧ್ಯತೆ ಇದೆ.

ಹಿನ್ನೆಲೆ

ಕಾರ್ಖಾನೆಯಲ್ಲಿ ತಯಾರಾದ ಡೈಪರ್‌ಗಳು ಬರುವ ಮೊದಲು ಶಿಶುಗಳಿಗೆ ಬಟ್ಟೆಯನ್ನೇ ಕಟ್ಟಲಾಗುತ್ತಿತ್ತು. ಕರ್ನಾಟಕವೂ ಸೇರಿದಂತೆ ಭಾರತದ ಅನೇಕ ಭಾಗಗಳಲ್ಲಿ ಹಳೆಯ ಹತ್ತಿ ಸೀರೆ ಮತ್ತು ಪಂಚೆಗಳನ್ನು ಹರಿದು ಲಂಗೋಟಿ ಮಾಡುವ ರೂಢಿ ಇದೆ. ಮನೆಯ ಹಿರಿಯರು ಕಾಲು ನೀಡಿ ಕುಳಿತು, ಎರಡು ಪಾದಗಳ ನಡುವೆ ಮಗುವನ್ನು ಕೂರಿಸಿ, ‘ಸ್ಸ್’ ಎಂದು ಸದ್ದು ಮಾಡುತ್ತಾ ಮೂತ್ರ ಮಾಡಿಸುವ ಕ್ರಮವೂ ಬಳಕೆಯಲ್ಲಿದೆ. ಚೀನಾದಲ್ಲಿ ಕವಟೆಯ ಭಾಗದಲ್ಲಿ ಹೊಲಿಗೆಯಿಲ್ಲದ ‘ಕೈದಾಂಗ್‌ಕು’ ಎಂಬ ಚಡ್ಡಿಯನ್ನು ಮಕ್ಕಳಿಗೆ ತೊಡಿಸುವ ಸಂಪ್ರದಾಯವಿದೆ. ಇಂತಹ ಪದ್ಧತಿಗಳಲ್ಲಿ ಶೌಚದ ಅಭ್ಯಾಸ ಶೈಶವದಲ್ಲೇ ಆರಂಭವಾಗುವುದರಿಂದ ಪ್ರತ್ಯೇಕವಾದ ತರಬೇತಿ ಉಡುಪಿನ ಅಗತ್ಯ ಹೆಚ್ಚಾಗಿ ಕಂಡುಬರುವುದಿಲ್ಲ.

ಅಮೆರಿಕದಲ್ಲಿ ಮೇರಿಯನ್ ಡೊನೊವನ್ ಅವರು ಬಟ್ಟೆಯ ಡೈಪರ್ ಮೇಲೆ ತೊಡಿಸುವ ಜಲನಿರೋಧಕ ಕವಚವನ್ನು ರೂಪಿಸಿ 1951ರಲ್ಲಿ ಪೇಟೆಂಟ್ ಪಡೆದರು. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಸಂಸ್ಥೆಯು 1961ರಲ್ಲಿ ಪ್ಯಾಂಪರ್ಸ್ ಡೈಪರನ್ನು ಮಾರುಕಟ್ಟೆಗೆ ತಂದಿತು. 1980ರ ದಶಕದಲ್ಲಿ ಡೈಪರ್‌ಗಳಲ್ಲಿ ಅತಿಹೀರುಕ ಪಾಲಿಮರ್‌ಗಳ ಬಳಕೆ ಹೆಚ್ಚಾಯಿತು. ಇದರಿಂದ ಡೈಪರ್‌ಗಳು ತೆಳುವಾದವು ಮತ್ತು ಮಗುವಿನ ಚರ್ಮ ಹೆಚ್ಚು ಹೊತ್ತು ಒಣಗಿರುವಂತಾಯಿತು. ಕಿಂಬರ್ಲಿ-ಕ್ಲಾರ್ಕ್ ಸಂಸ್ಥೆ 1989ರಲ್ಲಿ ಅಮೆರಿಕದಲ್ಲಿ ಬಿಡುಗಡೆ ಮಾಡಿದ ‘ಪುಲ್-ಅಪ್ಸ್’ ಮೂಲಕ ಒಮ್ಮೆ ಬಳಸಿ ಎಸೆಯುವ ತರಬೇತಿ ಒಳಉಡುಪು ಜನಪ್ರಿಯವಾಯಿತು.

ತರಬೇತಿಯ ಕುರಿತ ವೈದ್ಯಕೀಯ ದೃಷ್ಟಿಯೂ ಇದೇ ಕಾಲದಲ್ಲಿ ಬದಲಾಯಿತು. ಮಕ್ಕಳ ತಜ್ಞ ಟಿ. ಬೆರ್ರಿ ಬ್ರೇಜಲ್ಟನ್ 1962ರಲ್ಲಿ 1,170 ಮಕ್ಕಳ ಅನುಭವವನ್ನು ಆಧರಿಸಿ, ಮಗು ಸಿದ್ಧವಾದ ಮೇಲೆಯೇ ತರಬೇತಿ ಆರಂಭಿಸಬೇಕೆಂಬ ಶಿಶುಕೇಂದ್ರಿತ ವಿಧಾನವನ್ನು ಮಂಡಿಸಿದರು. ಆ ಮಕ್ಕಳು ಹಗಲಿನ ತರಬೇತಿಯನ್ನು ಪೂರ್ಣಗೊಳಿಸಿದ ಸರಾಸರಿ ವಯಸ್ಸು 28.5 ತಿಂಗಳು. ಮನೋವಿಜ್ಞಾನಿಗಳಾದ ನೇಥನ್ ಅಜ್ರಿನ್ ಮತ್ತು ರಿಚರ್ಡ್ ಫಾಕ್ಸ್ 1974ರ ತಮ್ಮ ಪುಸ್ತಕದಲ್ಲಿ ತೀವ್ರ ಅಭ್ಯಾಸದ ವಿಧಾನವನ್ನು ವಿವರಿಸಿದರು. ಚಡ್ಡಿ ಒಣಗಿದೆಯೇ ಎಂದು ಮಗುವೇ ಆಗಾಗ ಮುಟ್ಟಿ ನೋಡುವುದು ಮತ್ತು ಒಣಗಿದ್ದರೆ ಮೆಚ್ಚುಗೆ ಪಡೆಯುವುದು ಆ ವಿಧಾನದ ಒಂದು ಮುಖ್ಯ ಅಂಗ.

ರಚನೆ ಮತ್ತು ವಿಧಗಳು

ಎಸೆಯುವ ತರಬೇತಿ ಒಳಉಡುಪು: ಇದರ ಒಳಗೆ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಅತಿಹೀರುಕ ವಸ್ತುವಿನ ಕಣಗಳು ಮತ್ತು ಮರದ ತಿರುಳಿನ ನಾರು ಇರುತ್ತವೆ. ಈ ಕಣಗಳು ಮೂತ್ರವನ್ನು ಹೀರಿ ಲೋಳೆಯಂತಾಗುವುದರಿಂದ ಮೇಲ್ಮೈ ಬೇಗನೆ ಒಣಗುತ್ತದೆ. ಈ ಕೊರತೆಯನ್ನು ತುಂಬಲು ಕೆಲವು ತಯಾರಕರು ಒದ್ದೆಯಾದಾಗ ಅಳಿಸಿಹೋಗುವ ಚಿತ್ರಗಳನ್ನು ಅಥವಾ ತಂಪಿನ ಅನುಭವ ನೀಡುವ ಪದರವನ್ನು ಸೇರಿಸುತ್ತಾರೆ. ಕೊಳೆಯಾದ ಉಡುಪನ್ನು ಕಾಲಿನಿಂದ ಜಾರಿಸದೆ ತೆಗೆಯುವಂತೆ ಇದರ ಬದಿಗಳನ್ನು ಹರಿಯಬಹುದು.

ಬಟ್ಟೆಯ ತರಬೇತಿ ಒಳಉಡುಪು: ಇದರಲ್ಲಿ ಹತ್ತಿಯ ಹಲವು ಪದರಗಳು ಅಥವಾ ಟರ್ಕಿ ಟವೆಲಿನಂತಹ ಬಟ್ಟೆಯ ಪದರಗಳಿರುತ್ತವೆ. ಇದು ಸಾಮಾನ್ಯವಾಗಿ ಒಂದು ಸಲದ ಮೂತ್ರವನ್ನು ಭಾಗಶಃ ಅಥವಾ ಪೂರ್ತಿಯಾಗಿ ತಡೆಹಿಡಿಯುತ್ತದೆಯಾದರೂ ಚರ್ಮಕ್ಕೆ ಒದ್ದೆ ತಾಗುತ್ತದೆ. ಮೂತ್ರ ತಾಗುವ ಒಳಪದರ ಪಾಲಿಯೆಸ್ಟರಿನದಾಗಿದ್ದರೆ ಅದು ತೇವವನ್ನು ಕೆಳಗಿನ ಪದರಕ್ಕೆ ದಾಟಿಸಿ ತಾನು ಒಣಗಿರುತ್ತದೆ. ಹತ್ತಿಯಾದರೆ ತೇವವಾಗಿಯೇ ಉಳಿಯುತ್ತದೆ.

ಜಲನಿರೋಧಕ ಪದರವಿರುವ ಬಟ್ಟೆಯ ಒಳಉಡುಪು: ಹತ್ತಿಯ ಪದರಗಳ ಹೊರಗೆ ಪಾಲಿಯುರೆಥೇನ್ ಲೇಪಿಸಿದ ಬಟ್ಟೆ ಇರುತ್ತದೆ. ಪ್ರಯಾಣ ಮತ್ತು ಹೊರಗಿನ ಕಾರ್ಯಕ್ರಮಗಳಿಗೆ ಇದು ಅನುಕೂಲಕರ. ಗಾಳಿಯಾಟ ಕಡಿಮೆಯಿರುವುದರಿಂದ ಸೆಕೆಯ ದಿನಗಳಲ್ಲಿ ದೀರ್ಘಕಾಲ ತೊಡಿಸುವುದು ಚರ್ಮಕ್ಕೆ ಹಿತವಲ್ಲ.

ಸಾಮಾನ್ಯ ಹತ್ತಿಯ ಚಡ್ಡಿ: ಹೀರುವ ಪದರವಿಲ್ಲದ ಚಡ್ಡಿಯಿಂದಲೇ ತರಬೇತಿ ಆರಂಭಿಸುವ ಕುಟುಂಬಗಳೂ ಇವೆ. ಒದ್ದೆಯ ಅರಿವು ಇದರಲ್ಲಿ ಅತ್ಯಂತ ಸ್ಪಷ್ಟವಾಗಿರುತ್ತದೆ. ಒರೆಸುವ ಮತ್ತು ಒಗೆಯುವ ಕೆಲಸವೂ ಅಷ್ಟೇ ಹೆಚ್ಚು.

ಸಂಶೋಧನೆ

ಒಳಉಡುಪಿನ ಬಗೆ ಮತ್ತು ಶೌಚ ನಿಯಂತ್ರಣದ ಸಂಬಂಧವನ್ನು ಪರೀಕ್ಷಿಸಿದ ಅಧ್ಯಯನಗಳು ಕಡಿಮೆ, ಮತ್ತು ಅವುಗಳಲ್ಲಿ ಭಾಗವಹಿಸಿದ ಮಕ್ಕಳ ಸಂಖ್ಯೆಯೂ ಸಣ್ಣದು. ಜೇನ್ ಸೈಮನ್ ಮತ್ತು ರೇಚಲ್ ಥಾಂಪ್ಸನ್ 2006ರಲ್ಲಿ ‘ಜರ್ನಲ್ ಆಫ್ ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು ಡೈಪರ್, ಎಸೆಯುವ ತರಬೇತಿ ಒಳಉಡುಪು ಮತ್ತು ಸಾಮಾನ್ಯ ಚಡ್ಡಿಗಳನ್ನು ಹೋಲಿಸಿತು. ಸಾಮಾನ್ಯ ಚಡ್ಡಿ ತೊಟ್ಟಾಗ ಕೆಲವು ಮಕ್ಕಳಲ್ಲಿ ಸುಧಾರಣೆ ಕಂಡುಬಂದಿತು, ಎಲ್ಲರಲ್ಲೂ ಅಲ್ಲ. ಬ್ರಯನ್ ಗ್ರಿಯರ್ ಮತ್ತು ಸಹಸಂಶೋಧಕರು 2016ರಲ್ಲಿ ಅದೇ ಪತ್ರಿಕೆಯಲ್ಲಿ ಪ್ರಕಟಿಸಿದ 20 ಮಕ್ಕಳ ಅಧ್ಯಯನದಲ್ಲಿಯೂ ಚಡ್ಡಿಗೆ ಬದಲಾಯಿಸಿದ್ದರಿಂದ ಕೆಲವು ಮಕ್ಕಳಿಗೆ ಪ್ರಯೋಜನವಾದುದು ಕಂಡುಬಂದಿತು. ಒಳಉಡುಪು ನೆರವಾಗಬಲ್ಲದು, ಆದರೆ ತರಬೇತಿಯ ಬದಲಿಯಲ್ಲ ಎಂಬುದನ್ನು ಈ ಫಲಿತಾಂಶಗಳು ಸೂಚಿಸುತ್ತವೆ.

ಆಯ್ಕೆಯ ಅಂಶಗಳು

ಸಿದ್ಧತೆ: ಉಡುಪಿನ ಆಯ್ಕೆಗಿಂತ ಮೊದಲು ಮಗುವಿನ ಸಿದ್ಧತೆಯನ್ನು ಗಮನಿಸಬೇಕಾಗುತ್ತದೆ. ಹಗಲಿನಲ್ಲಿ ಕನಿಷ್ಠ 2 ಗಂಟೆ ಒಣಗಿರುವುದು, ಸರಳ ಸೂಚನೆಗಳನ್ನು ಪಾಲಿಸುವುದು, ಮಲಮೂತ್ರದ ಒತ್ತಡವನ್ನು ಮಾತಿನಿಂದಲೋ ಮುಖಭಾವದಿಂದಲೋ ತಿಳಿಸುವುದು, ಚಡ್ಡಿಯನ್ನು ಕೆಳಗಿಳಿಸಲು ಯತ್ನಿಸುವುದು ಮತ್ತು ಒದ್ದೆಯಾದಾಗ ಕಿರಿಕಿರಿ ತೋರಿಸುವುದು ಸಿದ್ಧತೆಯ ಸಾಮಾನ್ಯ ಲಕ್ಷಣಗಳು. ಅನೇಕ ಮಕ್ಕಳಲ್ಲಿ ಇವು 18ರಿಂದ 24 ತಿಂಗಳ ನಡುವೆ ಕಾಣತೊಡಗುತ್ತವೆ. ಇನ್ನು ಕೆಲವರಲ್ಲಿ ತಡವಾಗುತ್ತದೆ.

ಹೀರುವ ಸಾಮರ್ಥ್ಯ: ದಿನಕ್ಕೆ ಹಲವು ಬಾರಿ ಚಡ್ಡಿ ಒದ್ದೆ ಮಾಡಿಕೊಳ್ಳುವ ಆರಂಭದ ಹಂತದಲ್ಲಿ ಹೆಚ್ಚು ಪದರಗಳ ಉಡುಪು, ಅಪರೂಪಕ್ಕೆ ಒದ್ದೆಯಾಗುವ ಹಂತದಲ್ಲಿ ತೆಳು ಉಡುಪು ಸೂಕ್ತ. ಮನೆಯಲ್ಲಿ ತೆಳುವಾದುದನ್ನು, ಪ್ರಯಾಣದಲ್ಲಿ ದಪ್ಪನೆಯದನ್ನು ಬಳಸುವುದೂ ಉಂಟು. ಆದರೆ ಹಗಲಿನಲ್ಲಿ ಡೈಪರ್ ಮತ್ತು ಚಡ್ಡಿಗಳನ್ನು ಪದೇ ಪದೇ ಅದಲುಬದಲು ಮಾಡಿದರೆ ಮಗುವಿಗೆ ಗೊಂದಲವಾಗಬಹುದು.

ಅಳತೆ: ವಯಸ್ಸಿಗಿಂತ ಸೊಂಟ ಮತ್ತು ತೊಡೆಯ ಸುತ್ತಳತೆ ಹಾಗೂ ತೂಕ ಹೆಚ್ಚು ನಂಬಲರ್ಹ. ತೊಡೆಯ ಎಲಾಸ್ಟಿಕ್ ಸಡಿಲವಿದ್ದರೆ ಸೋರುತ್ತದೆ, ಬಿಗಿಯಾಗಿದ್ದರೆ ಚರ್ಮದ ಮೇಲೆ ಗುರುತು ಬೀಳುತ್ತದೆ. ಮಗುವಿನ ಹೆಬ್ಬೆರಳು ಸೊಂಟದ ಪಟ್ಟಿಯೊಳಗೆ ಸಲೀಸಾಗಿ ಹೋಗಿ, ಯಾರ ಸಹಾಯವೂ ಇಲ್ಲದೆ ಕೆಳಗಿಳಿಸಲು ಸಾಧ್ಯವಾದರೆ ಅಳತೆ ಸರಿಯಾಗಿದೆ ಎನ್ನಬಹುದು.

ಮೇಲುಡುಪು: ದಾರ, ಗುಂಡಿ, ಬೆಲ್ಟ್ ಅಥವಾ ಭುಜದ ಪಟ್ಟಿಗಳಿರುವ ಮೇಲುಡುಪು ತೊಟ್ಟ ಮಗುವಿಗೆ ಶೌಚಾಲಯ ತಲುಪಿದರೂ ಸಮಯಕ್ಕೆ ಸರಿಯಾಗಿ ಬಟ್ಟೆ ಬಿಚ್ಚಲಾಗುವುದಿಲ್ಲ. ಎಲಾಸ್ಟಿಕ್ ಇರುವ ಸಡಿಲ ಚಡ್ಡಿ ಅಥವಾ ಗಿಡ್ಡನೆಯ ಲಂಗ ಅನುಕೂಲಕರ.

ಒಣಗುವ ಸಮಯ: ಬಟ್ಟೆಯ ಪದರಗಳು ಹೆಚ್ಚಿದಷ್ಟೂ ಒಣಗುವ ಸಮಯ ಹೆಚ್ಚುತ್ತದೆ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಇದು ಮುಖ್ಯ ಅಂಶ. ಒಳಪದರವನ್ನು ಬಿಡಿಸಿ ಪ್ರತ್ಯೇಕವಾಗಿ ಒಣಗಿಸಬಹುದಾದ ಉಡುಪು, ಇಲ್ಲವೇ ಹೆಚ್ಚಿನ ಸಂಖ್ಯೆಯ ತೆಳು ಚಡ್ಡಿಗಳು ಇಂತಹ ಹವಾಮಾನಕ್ಕೆ ಹೊಂದುತ್ತವೆ.

ವೆಚ್ಚ: ಎಸೆಯುವ ಉಡುಪಿನ ವೆಚ್ಚ ತರಬೇತಿ ಮುಗಿಯುವವರೆಗೂ ಮುಂದುವರಿಯುತ್ತದೆ. ಬಟ್ಟೆಯ ಉಡುಪಿಗೆ ಆರಂಭದ ವೆಚ್ಚ ಹೆಚ್ಚು. ನೀರು, ಸಾಬೂನು ಮತ್ತು ಒಗೆಯುವವರ ಶ್ರಮವನ್ನೂ ಅದರ ಜೊತೆಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ರಾತ್ರಿಯ ಬಳಕೆ

ಹಗಲಿನ ನಿಯಂತ್ರಣ ಕಲಿಕೆಯಿಂದ ಬರುತ್ತದೆ. ರಾತ್ರಿಯ ನಿಯಂತ್ರಣ ಬಹುಮಟ್ಟಿಗೆ ದೇಹದ ಬೆಳವಣಿಗೆಯನ್ನು ಅವಲಂಬಿಸಿದೆ. ಮೂತ್ರಕೋಶದ ಧಾರಣ ಸಾಮರ್ಥ್ಯ, ರಾತ್ರಿ ಮೂತ್ರದ ಉತ್ಪತ್ತಿಯನ್ನು ತಗ್ಗಿಸುವ ವ್ಯಾಸೊಪ್ರೆಸಿನ್ ಹಾರ್ಮೋನು ಮತ್ತು ಮೂತ್ರಕೋಶ ತುಂಬಿದಾಗ ಎಚ್ಚರಗೊಳ್ಳುವ ಶಕ್ತಿ ಪ್ರತಿ ಮಗುವಿನಲ್ಲೂ ಬೇರೆ ಬೇರೆ ವೇಗದಲ್ಲಿ ರೂಪುಗೊಳ್ಳುತ್ತವೆ. ಆದ್ದರಿಂದ ಹಗಲಿನಲ್ಲಿ ಚಡ್ಡಿ ತೊಡುವ ಮಗು ರಾತ್ರಿ ಡೈಪರ್ ಅಥವಾ ಹೆಚ್ಚು ಹೀರುವ ಉಡುಪು ತೊಡುವುದು ಸಹಜ. 5 ವರ್ಷ ತುಂಬುವ ಮೊದಲು ಹಾಸಿಗೆಯಲ್ಲಿ ಮೂತ್ರ ಮಾಡುವುದನ್ನು ವೈದ್ಯಕೀಯವಾಗಿ ಕಾಯಿಲೆಯೆಂದು ಪರಿಗಣಿಸುವುದಿಲ್ಲ. ತಿಂಗಳುಗಟ್ಟಲೆ ಒಣಗಿದ್ದ ಮಗು ಮತ್ತೆ ಒದ್ದೆ ಮಾಡತೊಡಗಿದರೆ, ಮೂತ್ರ ಮಾಡುವಾಗ ನೋವಿದ್ದರೆ ಅಥವಾ ಅತಿಯಾದ ಬಾಯಾರಿಕೆ ಇದ್ದರೆ ವೈದ್ಯರ ಸಲಹೆ ಅಗತ್ಯ.

ಆರೋಗ್ಯ ಮತ್ತು ನೈರ್ಮಲ್ಯ

ಒದ್ದೆಯ ಅನುಭವ ಕ್ಷಣಿಕವಾಗಿದ್ದರೆ ಮಾತ್ರ ಉಪಯುಕ್ತ. ಒದ್ದೆಯಾದ ಅಥವಾ ಮಲ ತಾಗಿದ ಉಡುಪನ್ನು ಬಹಳ ಹೊತ್ತು ಬದಲಿಸದಿದ್ದರೆ ಚರ್ಮ ಕೆಂಪಾಗಿ ದದ್ದುಗಳೇಳುತ್ತವೆ. ಮಗುವಿಗೆ ಪಾಠವಾಗಲೆಂದು ಒದ್ದೆಯಲ್ಲೇ ಬಿಡುವುದು, ಗದರಿಸುವುದು ಅಥವಾ ಇತರರ ಮುಂದೆ ನಾಚಿಸುವುದು ಹಾನಿಕರ. ಭಯಪಟ್ಟ ಮಗು ಮಲವನ್ನು ತಡೆಹಿಡಿಯಬಹುದು. ತಡೆಹಿಡಿದ ಮಲ ಗಟ್ಟಿಯಾಗಿ ವಿಸರ್ಜನೆ ನೋವಿನದಾಗುತ್ತದೆ, ನೋವಿನಿಂದ ಮಗು ಇನ್ನಷ್ಟು ತಡೆಹಿಡಿಯುತ್ತದೆ. ದೊಡ್ಡಕರುಳಿನಲ್ಲಿ ತುಂಬಿದ ಮಲವು ಮೂತ್ರಕೋಶವನ್ನು ಒತ್ತುವುದರಿಂದ ಹಗಲಿನಲ್ಲಿ ಮೂತ್ರ ಸೋರುವಿಕೆಯೂ ಹೆಚ್ಚಬಹುದು. ಮಲವಿಸರ್ಜನೆಗೆ ಮಾತ್ರ ಡೈಪರ್ ಬೇಕೆಂದು ಹಟ ಹಿಡಿಯುವ ಮಗುವಿಗೆ ಕೆಲಕಾಲ ಅದನ್ನು ಒದಗಿಸುವುದು ಮಲಬದ್ಧತೆಯನ್ನು ತಪ್ಪಿಸುವ ಕ್ರಮವಾಗಿದೆ.

ಬಟ್ಟೆಯ ಉಡುಪಿನಲ್ಲಿರುವ ಮಲವನ್ನು ಶೌಚಾಲಯಕ್ಕೆ ಹಾಕಿ, ಉಡುಪನ್ನು ತಣ್ಣೀರಿನಲ್ಲಿ ಜಾಲಿಸಿ, ಅನಂತರ ಸಾಬೂನಿನಿಂದ ಒಗೆದು ಬಿಸಿಲಿನಲ್ಲಿ ಒಣಗಿಸಲಾಗುತ್ತದೆ. ಬಟ್ಟೆ ಮೃದುಗೊಳಿಸುವ ದ್ರಾವಣಗಳು ನಾರಿನ ಮೇಲೆ ಲೇಪವಾಗಿ ನಿಂತು ಹೀರುವ ಗುಣವನ್ನು ಕುಗ್ಗಿಸುತ್ತವೆ.

ವಿಲೇವಾರಿ

ಎಸೆಯುವ ಒಳಉಡುಪಿನಲ್ಲಿ ಪ್ಲಾಸ್ಟಿಕ್ ಅಂಶಗಳಿರುವುದರಿಂದ ಅದು ಮಣ್ಣಿನಲ್ಲಿ ಸುಲಭವಾಗಿ ಕೊಳೆಯುವುದಿಲ್ಲ. ಭಾರತದ ಘನತ್ಯಾಜ್ಯ ನಿರ್ವಹಣಾ ನಿಯಮಗಳು, 2016 ಬಳಸಿದ ಡೈಪರ್‌ಗಳನ್ನು ನೈರ್ಮಲ್ಯ ತ್ಯಾಜ್ಯದ ವರ್ಗಕ್ಕೆ ಸೇರಿಸಿ, ಅವುಗಳನ್ನು ಭದ್ರವಾಗಿ ಸುತ್ತಿ ನೀಡಬೇಕೆಂದು ವಿಧಿಸಿದವು. ಬೆಂಗಳೂರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ 2015ರ ಆದೇಶದಂತೆ ಜಾರಿಗೆ ಬಂದ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿಯಲ್ಲಿ ಹಸಿ ಕಸಕ್ಕೆ ಹಸಿರು ಬುಟ್ಟಿ, ಒಣ ಕಸಕ್ಕೆ ಚೀಲ ಮತ್ತು ಡೈಪರ್‌ನಂತಹ ನೈರ್ಮಲ್ಯ ತ್ಯಾಜ್ಯಕ್ಕೆ ಕೆಂಪು ಬುಟ್ಟಿಯನ್ನು ನಿಗದಿಪಡಿಸಲಾಗಿದೆ. ಕಸ ವಿಂಗಡಿಸುವವರು ಇವುಗಳನ್ನು ಬರಿಗೈಯಿಂದ ಮುಟ್ಟುವ ಪ್ರಸಂಗ ಬಾರದಂತೆ ಕಾಗದದಲ್ಲಿ ಸುತ್ತಿ ಪ್ರತ್ಯೇಕವಾಗಿ ನೀಡುವುದು ಅವಶ್ಯಕ.