ಕದನವಿರಾಮದ ನಂತರದ ಯುದ್ಧ: ಎರಡು ಇಂಗ್ಲಿಷ್ ಕಾದಂಬರಿಗಳಲ್ಲಿ ಮರಳಿದ ಸೈನಿಕನ ಮನೋಘಾತ

ಮೊದಲನೆಯ ಮಹಾಯುದ್ಧವು 1918ರ ನವೆಂಬರ್ 11ರಂದು ನಿಂತಿತೆಂದು ಚರಿತ್ರೆಯ ಗ್ರಂಥಗಳು ದಾಖಲಿಸುತ್ತವೆ. ಆದರೆ ರಣರಂಗದಿಂದ ಮರಳಿದವರ ಪಾಲಿಗೆ ಅದು ಎಂದು ಮುಗಿಯಿತು ಎಂಬ ಪ್ರಶ್ನೆಗೆ ಸೇನಾ ದಾಖಲೆಗಳು ಪೂರ್ಣ ಉತ್ತರ ನೀಡುವುದಿಲ್ಲ. ಈ ಕೊರತೆಯನ್ನು ತುಂಬುವಲ್ಲಿ ಕಾದಂಬರಿಯು ಎಷ್ಟರಮಟ್ಟಿಗೆ ಆಕರವಾಗಬಲ್ಲದೆಂಬುದನ್ನು ರೆಬೆಕಾ ವೆಸ್ಟ್ ಅವರ ‘ದಿ ರಿಟರ್ನ್ ಆಫ್ ದಿ ಸೋಲ್ಜರ್’ (1918) ಹಾಗೂ ವರ್ಜೀನಿಯಾ ವುಲ್ಫ್ ಅವರ ‘ಮಿಸೆಸ್ ಡಾಲೊವೇ’ (1925) ಕೃತಿಗಳ ಮೂಲಕ ಇಲ್ಲಿ ಪರಿಶೀಲಿಸಲಾಗಿದೆ.

‘ಶೆಲ್ ಶಾಕ್’ ಎಂಬ ಪದವನ್ನು ಚಾರ್ಲ್ಸ್ ಮೈಯರ್ಸ್ ಅವರು 1915ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯ ಮೂಲಕ ವೈದ್ಯಕೀಯ ಬರವಣಿಗೆಗೆ ತಂದರು. ಶೆಲ್ ಸ್ಫೋಟದ ಸಮೀಪದಲ್ಲಿಲ್ಲದ ಸೈನಿಕರಲ್ಲಿಯೂ ಅದೇ ಲಕ್ಷಣಗಳು ಕಂಡುಬಂದಾಗ, ಇದು ದೇಹದ ಗಾಯವೋ, ಮನಸ್ಸಿನ ಗಾಯವೋ, ಹೇಡಿತನವೋ ಎಂಬ ವಿವಾದವೆದ್ದಿತು. ಬ್ರಿಟಿಷ್ ಸರ್ಕಾರ ನೇಮಿಸಿದ ವಿಚಾರಣಾ ಸಮಿತಿಯು 1922ರ ವರದಿಯಲ್ಲಿ ಆ ಪದವನ್ನೇ ಕೈಬಿಡಬೇಕೆಂದು ಶಿಫಾರಸು ಮಾಡಿತು. ಹೆಸರು ಅಳಿದರೂ ವ್ಯಾಧಿ ಉಳಿಯಿತು.

ವೆಸ್ಟ್ ಅವರ ಕೃತಿಯಲ್ಲಿ ಕ್ಯಾಪ್ಟನ್ ಕ್ರಿಸ್ ಬಾಲ್ಡ್ರಿ ಹದಿನೈದು ವರ್ಷಗಳ ನೆನಪನ್ನೇ ಕಳೆದುಕೊಂಡು ಮನೆಗೆ ಬರುತ್ತಾನೆ, ಪತ್ನಿಯನ್ನೂ ಗುರುತಿಸಲಾರ. ಸತ್ತ ಮಗುವಿನ ವಸ್ತುಗಳನ್ನು ತೋರಿಸಿದಾಗ ನೆನಪು ಮರಳುತ್ತದೆ. ಆದರೆ ಗುಣಮುಖನಾಗುವುದೆಂದರೆ ಪುನಃ ಕಂದಕಕ್ಕೆ ಹೋಗಲು ಅರ್ಹನಾಗುವುದು. ಯುದ್ಧಕಾಲದ ಚಿಕಿತ್ಸೆಯ ಒಳಗಿನ ಈ ವೈರುಧ್ಯವನ್ನು ಅವರು ಯುದ್ಧವಿನ್ನೂ ನಡೆಯುತ್ತಿದ್ದಾಗಲೇ ಗುರುತಿಸಿದ್ದು ಗಮನಾರ್ಹ.

ವುಲ್ಫ್ ಅವರ ಸೆಪ್ಟಿಮಸ್ ವಾರೆನ್ ಸ್ಮಿತ್‌ನ ಕಥೆ 1923ರ ಜೂನ್ ತಿಂಗಳ ಒಂದು ದಿನ ಲಂಡನ್ನಿನಲ್ಲಿ ನಡೆಯುತ್ತದೆ. ತನ್ನ ಮೇಲಧಿಕಾರಿಯೂ ಗೆಳೆಯನೂ ಆಗಿದ್ದ ಇವಾನ್ಸ್ ಕದನವಿರಾಮಕ್ಕೆ ತುಸು ಮುನ್ನ ಮಡಿದಾಗ, ತನಗೆ ದುಃಖವಾಗಲಿಲ್ಲವೆಂದು ಅವನು ಹೆಮ್ಮೆಪಟ್ಟಿದ್ದ. ವರ್ಷಗಳ ಬಳಿಕ ಆ ನಿರ್ಭಾವವೇ ಅವನನ್ನು ಹಿಂಡುತ್ತದೆ. ಡಾ. ಹೋಮ್ಸ್ ಅವನಿಗೆ ಏನೂ ಆಗಿಲ್ಲವೆನ್ನುತ್ತಾನೆ. ಸರ್ ವಿಲಿಯಂ ಬ್ರಾಡ್‌ಶಾ ಏಕಾಂತದ ವಿಶ್ರಾಂತಿಯನ್ನು ವಿಧಿಸುತ್ತಾನೆ. ಹೋಮ್ಸ್ ಬರುತ್ತಿದ್ದಂತೆಯೇ ಅವನು ಕಿಟಕಿಯಿಂದ ಹಾರಿ ಸಾಯುತ್ತಾನೆ. ಅಂದು ಸಂಜೆಯ ಔತಣಕೂಟದಲ್ಲಿ ಈ ಸಾವು ಶೆಲ್ ಶಾಕ್‌ನ ತಡವಾದ ಪರಿಣಾಮಗಳ ಕುರಿತು ಮಸೂದೆಯೊಂದರಲ್ಲಿ ಸೇರಿಸಬೇಕಾದ ಅಂಶವಾಗಿ ಚರ್ಚೆಗೆ ಬರುತ್ತದೆ. ಒಬ್ಬ ಮನುಷ್ಯನ ಯಾತನೆ ಕಡತದ ಪ್ರಕರಣವಾಗುವ ಕ್ಷಣವನ್ನೇ ಕಾದಂಬರಿಯು ಇಲ್ಲಿ ಹಿಡಿದಿದೆ. ಅವನ ಪತ್ನಿ ರೆಝಿಯಾಳ ಒಂಟಿತನಕ್ಕಾದರೋ ಆ ಕಡತದಲ್ಲಿ ಸ್ಥಳವೇ ಇಲ್ಲ.

ಈ ಕೃತಿಗಳನ್ನು ನೇರ ದಾಖಲೆಗಳೆಂದು ಸ್ವೀಕರಿಸುವಂತಿಲ್ಲ. ವುಲ್ಫ್ ರಣರಂಗವನ್ನು ಕಂಡವರಲ್ಲ. ತಾವೇ ಅನುಭವಿಸಿದ ಮನೋವ್ಯಾಧಿ ಮತ್ತು ವಿಶ್ರಾಂತಿ ಚಿಕಿತ್ಸೆಯ ಕಹಿ ಸೆಪ್ಟಿಮಸ್‌ನ ಚಿತ್ರಣದಲ್ಲಿ ಬೆರೆತಿದೆ. ಆದಾಗ್ಯೂ ಗಾಯವು ತಡವಾಗಿ, ಶಾಂತಿಕಾಲದಲ್ಲಿ, ಮನೆಯೊಳಗೆ ತೆರೆದುಕೊಳ್ಳುತ್ತದೆಂಬ ಅರಿವು ಇವುಗಳಲ್ಲಿ ಸ್ಪಷ್ಟವಾಗಿದೆ. ಅಮೆರಿಕದ ಮನೋವೈದ್ಯಕೀಯ ಸಂಘವು ಆಘಾತೋತ್ತರ ಒತ್ತಡದ ವ್ಯಾಧಿಯನ್ನು ತನ್ನ ಕೈಪಿಡಿಯಲ್ಲಿ ಸೇರಿಸಿದ್ದು 1980ರಲ್ಲಿ. ರಣರಂಗದಿಂದ ಪಲಾಯನ, ಹೇಡಿತನ ಮೊದಲಾದ ಆರೋಪಗಳಿಗಾಗಿ ಮರಣದಂಡನೆಗೆ ಗುರಿಯಾಗಿದ್ದ 306 ಸೈನಿಕರಿಗೆ ಬ್ರಿಟನ್ ಮರಣೋತ್ತರ ಕ್ಷಮಾದಾನ ನೀಡಿದ್ದು 2006ರಲ್ಲಿ. ಯುದ್ಧದ ಅಂತ್ಯವನ್ನು ಒಂದೇ ದಿನಾಂಕದಿಂದ ಗುರುತಿಸುವ ಚರಿತ್ರಕಾರನು ಈ ದೀರ್ಘ ಅಂತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.